ಬೋರ್ಡಿಲ್ಲದ ಗ್ಯಾರೇಜಿನಲ್ಲಿ ನಮ್ಮ ಕ್ವಾಲಿಸ್

ಈ ಗ್ಯಾರೇಜಿಗೆ ಬೋರ್ಡಿಲ್ಲ. ಹೆಸರು, ಫೋನ್ ನಂಬರ್ ಹಾಕಿ ಈ ರಿವ್ಯೂ ಬರೆಯಲಾ ಅಂತ ಮೇಸ್ತ್ರಿಯನ್ನು ಕೇಳಿದ್ದೆ. "ಬೇಡ ಅಮ್ಮ, ಬಂದಿರೋ ಗಾಡಿನೇ ಮುಗೀತಾ ಇಲ್ಲ" ಅಂದರು. ಹಾಗಾಗಿ ಇಲ್ಲಿ ಹೆಸರು ಹಾಕಿಲ್ಲ. ತೀರ್ಥಹಳ್ಳಿ ಕಡೆಯವರಿಗೆ ಒಂದು ಗುರುತು ಕೊಡುತ್ತೇನೆ. ಪೇಟೆ ದಾಟಿದ ಮೇಲೆ ಒಂದು ಹಲಸಿನ ಮರ, ಅದರ ಕೆಳಗೆ ಮೂರು ಹಳೇ ಜೀಪು, ಬಾನೆಟ್ ಇಲ್ಲದ ಒಂದು ಅಂಬಾಸಿಡರ್. ಹಿಂದೆ ತಗಡಿನ ಶೆಡ್ಡು. ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ನಮ್ಮದು 2003ರ ಟೊಯೊಟಾ ಕ್ವಾಲಿಸ್. ಇಲ್ಲೇ ಬಿಡದಿಯ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. ಈ ಮಾಡೆಲ್ ಮಾರ್ಕೆಟ್ಟಿಗೆ ಬಂದದ್ದು 2000ದಲ್ಲಿ, ಇನ್ನೋವಾಗೆ ಜಾಗ ಬಿಟ್ಟು 2005ಕ್ಕೆ ನಿಂತೇ ಹೋಯಿತು. ನಾವು 2007ರಲ್ಲಿ ಶಿವಮೊಗ್ಗದ ಒಬ್ಬ ಲಾಯರ್ ಕೈಯಿಂದ ತಗೊಂಡೆವು. ನಾನು ಡ್ರೈವಿಂಗ್ ಕಲಿತದ್ದೂ ಇದರಲ್ಲೇ. ಮೊದಲ ವಾರವೇ ಹಿಂದಕ್ಕೆ ತಗೊಳ್ಳುವಾಗ ಕೊಟ್ಟಿಗೆಯ ಕಂಬಕ್ಕೆ ತಾಗಿಸಿದ್ದೆ, ಆ ತಗ್ಗು ಇನ್ನೂ ಹಾಗೇ ಇದೆ. ಮೀಟರ್ ಈಗ 3 ಲಕ್ಷದ 12 ಸಾವಿರ ತೋರಿಸುತ್ತಿದೆ. ಮಗಳ ಮದುವೆಯ ಬಾಳೆಗೊನೆ, ಮಾವನ ಡಯಾಲಿಸಿಸ್, ಗೊಬ್ಬರದ ಚೀಲ, ನಾಯಿಮರಿ, ಎಲ್ಲ ಇದರಲ್ಲೇ ಓಡಾಡಿವೆ. 15 ವರ್ಷಕ್ಕೊಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆ ಆರ್‌ಸಿ ಹೊಸದು ಮಾಡಿಸಬೇಕಲ್ಲ, 2023ರಲ್ಲಿ ಮಾಡಿಸಿಯಾಗಿದೆ. ಅಂದರೆ 2028ರವರೆಗೆ ಕಾಗದದ ಲೆಕ್ಕದಲ್ಲಿ ಗಾಡಿ ಗಟ್ಟಿ.

ಆದರೆ ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿಯ ದಮ್ಮು ಕಡಿಮೆಯಾಯಿತು.

ಶುರುವಿನಲ್ಲಿ ನನಗೇ ಅನುಮಾನ. ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. 50, 60ರಲ್ಲಿ ಸುಮ್ನೆ ಹೋಗುತ್ತಿತ್ತು. ನಮ್ಮ ಮನೆಗೆ ಬರುವಾಗ ಕೊನೆಗೊಂದು ಏರು ಇದೆ, ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರು. ಅಲ್ಲಿ ಎರಡಕ್ಕೆ ಇಳಿಸಬೇಕಾಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಕಾಲಿನ ಕೆಳಗೆ ಏನೂ ಇಲ್ಲದ ಹಾಗೆ. ಎಂಜಿನ್ ಕೂಗುವುದೂ ಇಲ್ಲ, ಎಳೆಯುವುದೂ ಇಲ್ಲ. "ಪಿಕಪ್ ಇಲ್ಲ ಇದಕ್ಕೆ" ಅಂದೆ. ನಮ್ಮ ಮನೆಯವರು ಪೇಪರ್‌ನಿಂದ ತಲೆ ಎತ್ತದೆ "ನಮಗೂ ಇಲ್ಲ" ಅಂದರು.

ಅಕ್ಟೋಬರ್‌ನಲ್ಲಿ ಅತ್ತೆಯನ್ನು ಕಣ್ಣು ತೋರಿಸಲು ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದೆ. ಜೊತೆಗೆ ನಾದಿನಿ, ಅವಳ ಇಬ್ಬರು ಮಕ್ಕಳು, ಪಕ್ಕದ ಮನೆಯ ಇಬ್ಬರು. ಆಸ್ಪತ್ರೆಗೆ ಒಂದು ಗಾಡಿ ಹೊರಟರೆ ಊರೇ ಹತ್ತುತ್ತದೆ, ನಿಮಗೂ ಗೊತ್ತಲ್ವಾ. ಹೋಗುವಾಗ ಇಳಿಜಾರು, ತೊಂದರೆ ಆಗಲಿಲ್ಲ. ವಾಪಸ್ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದ್ದೇ ತಡ, ಗಾಡಿ ಮೊಂಡು ಹಿಡಿಯಿತು. 14 ಹೇರ್‌ಪಿನ್ ತಿರುವು ಅಲ್ಲಿ. ತಿರುವಿನಲ್ಲಿ ಮೊದಲನೇ ಗೇರು ಬೇಕು, ಅದು ಸರಿ. ಆದರೆ ಎರಡು ತಿರುವಿನ ನಡುವಿನ ನೇರ ಜಾಗದಲ್ಲೂ ಎರಡನೇ ಗೇರು ತಡೆಯಲಿಲ್ಲ. ಎಂಟನೇ ತಿರುವಿರಬೇಕು, ಹಿಂದಿನಿಂದ ಮಿನಿ ಬಸ್ಸಿನವನು ಒಂದೇ ಸಮನೆ ಹಾರನ್. ಮಕ್ಕಳು ಹಿಂದಿನ ಎದುರುಬದುರು ಸೀಟಿನಲ್ಲಿ ಕೂತು "ಅತ್ತೆ, ನಾವು ಇಳಿದು ತಳ್ಳಲಾ?" ಅಂತ ನಗುತ್ತಿದ್ದವು. ನನಗೆ ನಗು ಬರಲಿಲ್ಲ. ಮೊದಲನೇ ಗೇರಿನಲ್ಲೇ ಹತ್ತಿಸಿ, ಮೇಲೆ ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಲ್ಲಿಸಿದಾಗ ನನ್ನ ಅಂಗೈ ಒದ್ದೆ. ಟೆಂಪರೇಚರ್ ಮುಳ್ಳು ಮಾತ್ರ ಮಾಮೂಲಿ ಜಾಗದಲ್ಲೇ ಇತ್ತು. ಹೊಗೆಯೂ ಇಲ್ಲ. ಈ ಹೊಗೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅಲ್ಲಿಂದ ಗ್ಯಾರೇಜು ಸುತ್ತುವುದು ಶುರುವಾಯಿತು.

ಮೊದಲು ಯಾವಾಗಲೂ ಆಯಿಲ್ ಬದಲಿಸುವ ಕಡೆ ಕೊಟ್ಟೆವು. ಏರ್ ಫಿಲ್ಟರ್ ಹೊಸದು, ಡೀಸೆಲ್ ಫಿಲ್ಟರ್ ಹೊಸದು ಹಾಕಿದರು. ಡೀಸೆಲ್ ಲೈನಿಗೆ ಗಾಳಿ ಹೊಡೆದು "ಲೈನ್ ಕ್ಲಿಯರ್ ಇದೆ" ಅಂದರು. ಎರಡು ದಿನ ಚೆನ್ನಾಗಿತ್ತು ಅನ್ನಿಸಿತು. ಆವತ್ತು ಟ್ಯಾಂಕ್ ಫುಲ್ ಮಾಡಿಸಿದ್ದೆ ಅನ್ನುವುದು ಆಮೇಲೆ ಹೊಳೆದದ್ದು. ಮೂರನೇ ದಿನ ಮತ್ತೆ ಅದೇ ಕಥೆ.

ಎರಡನೆಯದು ಶಿವಮೊಗ್ಗದ ಒಂದು ದೊಡ್ಡ ವರ್ಕ್‌ಶಾಪು. ಹೆಸರು ಬೇಡ. ಎಸಿ ರೂಮು, ಕಾಫಿ ಮೆಷಿನ್, ಟೈಲ್ಸ್ ನೆಲ. ಒಳಗೆ ಹೋದ ತಕ್ಷಣ "ಸರ್ ಬಂದಿಲ್ವಾ ಮೇಡಂ?" ಅಂತ ಕೇಳಿದರು. ಗಾಡಿ ಓಡಿಸುವವಳು ನಾನೇ ಅಂದರೂ ಮನೆಯವರ ನಂಬರ್ ಬರೆದುಕೊಂಡರು. ಒಬ್ಬ ಹುಡುಗ ಸ್ಕ್ಯಾನರ್ ಹಿಡಿದು ಸ್ಟೇರಿಂಗ್ ಕೆಳಗೆ ಬಗ್ಗಿ ತಡಕಾಡಿದ. ಸಿಕ್ಕಿಸಲು ಜಾಗ ಸಿಗಲಿಲ್ಲ, ಎದ್ದು ಹೋದ. ಪಾಪ, ಅವನ ತಪ್ಪಲ್ಲ. ಈ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಕೇಬಲ್ ನೇರ ಡೀಸೆಲ್ ಪಂಪಿನ ಲಿವರಿಗೆ ಹೋಗುತ್ತದೆ. ಕಾಯಿಲೆ ಏನು ಅಂತ ಬರೆದು ತೋರಿಸುವ ಕಂಪ್ಯೂಟರ್ ಇದಕ್ಕಿಲ್ಲ. ಸಂಜೆ ಮನೆಯವರಿಗೆ ಫೋನ್ ಬಂತು. ಪಂಪ್ ಬಿಚ್ಚಬೇಕು, ಎಂಜಿನ್ನೊಳಗೆ ಡೀಸೆಲ್ ಸಿಡಿಸುವ ನಾಲ್ಕೂ ನಾಸಲ್ ಬದಲಿಸಬೇಕು, 38 ಸಾವಿರ. ಅದಕ್ಕೂ ಸರಿಯಾಗದಿದ್ದರೆ ಎಂಜಿನ್ ಕೆಲಸ, ಅದರ ಲೆಕ್ಕ ಆಮೇಲೆ. "ಇಲ್ಲಾಂದ್ರೆ ಎಕ್ಸ್‌ಚೇಂಜ್ ಮಾಡಿಬಿಡಿ ಸರ್" ಅಂದರಂತೆ.

ಗಾಡಿಯನ್ನು ಹಾಗೇ ವಾಪಸ್ ತಂದೆವು. ಚೆಕ್ ಮಾಡಿದ್ದಕ್ಕೆ 850 ರೂಪಾಯಿ ಕೊಟ್ಟೆವು. ಎರಡು ವಾರ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಹಾಲಿನ ಡೈರಿಯಲ್ಲಿ ಒಬ್ಬರು ಈ ಹಲಸಿನ ಮರದ ಮೇಸ್ತ್ರಿಯ ವಿಷಯ ಹೇಳಿದರು.

ನಾನು ಹೋದಾಗ ಬೆಳಿಗ್ಗೆ ಒಂಬತ್ತೂವರೆ. ನನ್ನ ಮುಂದೆ ನಾಲ್ಕು ಗಾಡಿ. ಕೂರಲು ಹಳೇ ಜೀಪಿನ ಸೀಟು, ಅದರ ಮೇಲೆ ಬೆಕ್ಕು. ಮೇಸ್ತ್ರಿಗೆ 65 ಇರಬಹುದು. ಕನ್ನಡಕದ ಒಂದು ಕಾಲಿಗೆ ಕರೆಂಟಿನವರು ಸುತ್ತುವ ಕಪ್ಪು ಟೇಪು. ಜೊತೆಗೆ ಒಬ್ಬ ಹುಡುಗ. ನನ್ನ ಸರದಿ ಬಂದಾಗ ಹನ್ನೆರಡು ಹತ್ತಿರ.

ಅವರು ಬಾನೆಟ್ ಎತ್ತಲಿಲ್ಲ. ನನ್ನ ಕಡೆ ನೋಡಿ "ಓಡಿಸೋದು ಯಾರು?" ಅಂದರು.

"ನಾನೇ."

"ಹಾಗಾದ್ರೆ ನೀವೇ ಹೇಳಿ. ಎಂತ ಆಗ್ತದೆ?"

ಮೂರು ತಿಂಗಳಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದ ಮೊದಲನೆಯವರು ಇವರು. ಹೇಳಿದೆ. ಅವರು ಒಂದೊಂದೇ ಕೇಳುತ್ತಾ ಹೋದರು. ತಣ್ಣಗಿರುವಾಗಲೂ ಹೀಗೆಯಾ, ಬಿಸಿಯಾದ ಮೇಲಾ? ಎರಡೂ ಒಂದೇ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದಾ? ಇಲ್ಲ, ಒಂದೇ ಸೆಲ್ಫು. ಆಯಿಲ್ ಕುಡಿಯುತ್ತದಾ? ಇಲ್ಲ. ಟೈಮಿಂಗ್ ಬೆಲ್ಟ್ ಈಚೆಗೆ ಹಾಕಿಸಿದ್ದಾ? ಎರಡು ವರ್ಷದ ಹಿಂದೆ, ಮೀಟರ್ 3 ಲಕ್ಷ ಆದಾಗ, ಆಮೇಲೂ ಚೆನ್ನಾಗೇ ಎಳೆಯುತ್ತಿತ್ತು. "ಸರಿ, ಹಲ್ಲು ತಪ್ಪಿಲ್ಲ ಬಿಡಿ" ಅಂತ ಅವರಿಗೆ ಅವರೇ ಹೇಳಿಕೊಂಡರು. ಎಂಜಿನ್ನಿನ ಭಾಗಗಳನ್ನು ಹೊತ್ತಿಗೆ ಸರಿಯಾಗಿ ತಿರುಗಿಸುವ ಹಲ್ಲಿನ ಬೆಲ್ಟ್ ಇದು, ಹಾಕುವಾಗ ಒಂದು ಹಲ್ಲು ಆಚೀಚೆ ಆದರೂ ಪಿಕಪ್ ಹೋಗುತ್ತದಂತೆ. ಆದರೆ ಅದು ಹಾಕಿದ ದಿನವೇ ಗೊತ್ತಾಗುತ್ತದೆ, ಎರಡು ವರ್ಷ ಕಾಯುವುದಿಲ್ಲ.

"ಹೊಗೆ?"

"ಇಲ್ಲ. ಏರಿನಲ್ಲಿ ಪೂರ್ತಿ ಒತ್ತಿದರೂ ಇಲ್ಲ."

ಇಲ್ಲಿ ಅವರ ಮುಖ ಸ್ವಲ್ಪ ಬದಲಾಯಿತು. ಪಕ್ಕದಲ್ಲಿದ್ದ ಹುಡುಗನಿಗೆ ಹೇಳುವ ಹಾಗೆ ನನಗೂ ಹೇಳಿದರು. ಕಪ್ಪು ಹೊಗೆ ಬಂದರೆ ಡೀಸೆಲ್ ಇದೆ, ಗಾಳಿ ಸಾಲದು, ಇಲ್ಲಾ ನಾಸಲ್ ಸರಿಯಾಗಿ ಸಿಡಿಸುತ್ತಿಲ್ಲ. ನೀಲಿ ಬಂದರೆ ಆಯಿಲ್ ಸುಡುತ್ತಿದೆ, ಪಿಸ್ಟನ್ನಿನ ರಿಂಗ್ ನೋಡಬೇಕು. ಬಿಳಿ ಬಂದರೆ ಡೀಸೆಲ್ ಸುಡದೆ ಹೊರಗೆ ಬರುತ್ತಿದೆ, ಟೈಮಿಂಗ್ ನೋಡಬೇಕು, ನೀರು ಸೇರಿದೆಯಾ ನೋಡಬೇಕು. ದಮ್ಮೂ ಇಲ್ಲ, ಹೊಗೆಯೂ ಇಲ್ಲ ಅಂದರೆ? "ಒಲೆಗೆ ಸೌದೆನೇ ಹೋಗ್ತಿಲ್ಲ ಅಮ್ಮ. ಸೌದೆ ಹಾಕದೆ ಹೊಗೆ ಎಲ್ಲಿಂದ ಬರ್ತದೆ?"

ಇನ್ನೊಂದು ಪ್ರಶ್ನೆ ಕೇಳಿದರು. ಟ್ಯಾಂಕ್ ಫುಲ್ ಇದ್ದಾಗಲೂ ಹೀಗೆಯಾ?

ನನಗೆ ಥಟ್ಟನೆ ಉತ್ತರ ಬರಲಿಲ್ಲ. ನಾನು ಡೀಸೆಲ್ ಹಾಕಿಸಿದ್ದನ್ನು ಡೈರಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತೇನೆ. ದಿನ, ಲೀಟರು, ಮೀಟರ್ ರೀಡಿಂಗ್. ಪುಸ್ತಕ ಬ್ಯಾಗಿನಲ್ಲೇ ಇತ್ತು. ತೆಗೆದು ನೋಡಿದೆ. ಮಣಿಪಾಲದಿಂದ ಬಂದ ಮರುದಿನ ಫುಲ್ ಮಾಡಿಸಿದ್ದೇನೆ, ಅಂದರೆ ಘಾಟಿ ಹತ್ತುವಾಗ ಟ್ಯಾಂಕ್ ತಳದಲ್ಲಿತ್ತು. ಫಿಲ್ಟರ್ ಬದಲಿಸಿ "ಚೆನ್ನಾಗಿತ್ತು" ಅನ್ನಿಸಿದ ದಿನವೂ ಫುಲ್. ಮೇಸ್ತ್ರಿ ಪುಸ್ತಕ ಇಸಕೊಂಡು ಕನ್ನಡಕ ಮೇಲೆತ್ತಿ ನೋಡಿದರು. ಮುಸುರೆ ಹಿಟ್ಟಿನ ಲೆಕ್ಕ, ಹಿಂಡಿ ಲೆಕ್ಕ, ಅದರ ಕೆಳಗೆ ಡೀಸೆಲ್. "ಇದನ್ನ ಎಲ್ಲರೂ ಬರೆದ್ರೆ ನಮ್ಮ ಅರ್ಧ ಕೆಲಸ ಮುಗೀತು" ಅಂದರು. ನಾನು ಆವತ್ತು ಮನೆಗೆ ಹೋಗಿ ಈ ಮಾತನ್ನು ಎರಡು ಸಲ ಹೇಳಿದೆ, ಮನೆಯವರಿಗೆ ಕೇಳಿಸುವ ಹಾಗೆ.

ಆಮೇಲೂ ಬಾನೆಟ್ ಎತ್ತಲಿಲ್ಲ. ನನ್ನ ಪಕ್ಕ ಕೂತು ಹತ್ತಿರದ ಏರಿಗೆ ಓಡಿಸಿ ಅಂದರು. ಮೂರನೇ ಗೇರಿನಲ್ಲಿ ಗಾಡಿ ಸೋತಿತು. "ಇಲ್ಲೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಮೂರನೇ ಗೇರ್ ಹಾಕಿ ಮೆಲ್ಲ ಕ್ಲಚ್ ಬಿಡಿ." ಬಿಟ್ಟೆ. ಎಂಜಿನ್ ಗಕ್ಕಂತ ನಿಂತಿತು. ನಿಲ್ಲದೆ ಓಡುತ್ತಲೇ ಇದ್ದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಎಷ್ಟೋ ಜನ ಕ್ಲಚ್ ಪ್ಲೇಟ್ ಸವೆದದ್ದಕ್ಕೆ ಎಂಜಿನ್ ಬಿಚ್ಚಿಸುತ್ತಾರಂತೆ. ವಾಪಸ್ ಬರುವಾಗ ನ್ಯೂಟ್ರಲ್‌ನಲ್ಲಿ ಉರುಳಲು ಬಿಟ್ಟರು, ಆಮೇಲೆ ಇಳಿದು ನಾಲ್ಕೂ ಚಕ್ರದ ರಿಮ್ಮಿಗೆ ಅಂಗೈ ಹಿಂಭಾಗ ಮುಟ್ಟಿಸಿ ನೋಡಿದರು. ಬ್ರೇಕ್ ಹಿಡಿದುಕೊಂಡಿದ್ದರೆ ಆ ಚಕ್ರ ಸುಡುತ್ತಿರುತ್ತದೆ. ಯಾವುದೂ ಸುಡುತ್ತಿರಲಿಲ್ಲ.

ಕೊನೆಗೆ ಬಾನೆಟ್ ಎತ್ತಿದರು. ನಾನು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು, ಅವರು ಪಂಪಿನ ಲಿವರ್ ಕೊನೆಯವರೆಗೆ ಬರುತ್ತದಾ ಅಂತ ನೋಡುತ್ತಾರೆ. ಬರುತ್ತಿತ್ತು. ಕೇಬಲ್ ಸಡಿಲವಾಗಿದ್ದರೆ, ಇಲ್ಲಾ ಕಾಲ ಕೆಳಗಿನ ಮ್ಯಾಟ್ ದಪ್ಪ ಇದ್ದು ಪೆಡಲ್ ಪೂರ್ತಿ ಇಳಿಯದಿದ್ದರೂ ಇದೇ ಕಾಯಿಲೆ ಬರುತ್ತದಂತೆ. ಹೊಸ ಮ್ಯಾಟ್ ತೆಗೆದು ಗಾಡಿ ರಿಪೇರಿ ಮಾಡಿದ ಒಂದು ಕಥೆಯನ್ನೂ ಹೇಳಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲವಂತೆ, ಟೀ ಕುಡಿಸಿಕೊಂಡರಂತೆ. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ಹಾಗೇ ಇಟ್ಟರು. ಟ್ಯಾಂಕಿನ ಮುಚ್ಚಳ ತೆಗೆದು ಕಿವಿ ಇಟ್ಟರು. ಗಾಳಿ ಒಳಗೆ ಹೋಗುವ ದಾರಿ ಕಟ್ಟಿದ್ದರೆ ಮುಚ್ಚಳ ತೆಗೆದಾಗ ಉಸ್ಸ್ ಅನ್ನುತ್ತದೆ. ಅನ್ನಲಿಲ್ಲ.

ಇನ್ನು ನನಗೆ ಬಹಳ ಇಷ್ಟವಾದ ಭಾಗ. ಹುಡುಗ ಐದು ಲೀಟರಿನ ಒಂದು ಬಿಳಿ ಕ್ಯಾನು ತಂದ, ಅದರಲ್ಲಿ ಸೋಸಿದ ಡೀಸೆಲ್. ಟ್ಯಾಂಕಿನಿಂದ ಡೀಸೆಲ್ ಫಿಲ್ಟರಿಗೆ ಬರುವ ಪೈಪನ್ನು ಕಳಚಿ ಬಾಯಿಗೆ ಒಂದು ಬೋಲ್ಟ್ ತುರುಕಿದರು. ಆ ಜಾಗಕ್ಕೆ ಕ್ಯಾನಿನಿಂದ ಬಂದ ಪ್ಲಾಸ್ಟಿಕ್ ಪೈಪು, ಒಳಗೆ ಹರಿಯುವುದು ಕಾಣುವಂಥದ್ದು. ಪಂಪಿನಿಂದ ಉಳಿದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ಪೈಪು ಒಂದಿರುತ್ತದಲ್ಲ, ಅದನ್ನೂ ಕಳಚಿ ಕ್ಯಾನಿಗೇ ಬಿಟ್ಟರು. ಇಲ್ಲದಿದ್ದರೆ ಕ್ಯಾನು ನೋಡನೋಡುತ್ತಾ ಖಾಲಿ. ಎರಡೂ ಪೈಪನ್ನು ಬಾನೆಟ್ ಸಂದಿಯಿಂದ ಹೊರಗೆ ತೆಗೆದು ಎಡಗಡೆ ಕಿಟಕಿಯಿಂದ ಒಳಗೆ ತಂದರು. ಹುಡುಗ ಮುಂದಿನ ಸೀಟಿನಲ್ಲಿ ಮಗು ಎತ್ತಿಕೊಂಡ ಹಾಗೆ ಕ್ಯಾನನ್ನು ತೊಡೆ ಮೇಲೆ ಇಟ್ಟುಕೊಂಡು ಕೂತ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡವರನ್ನು ನಡೆಸಿಕೊಂಡು ಹೋಗುತ್ತಾರಲ್ಲ, ನಮ್ಮ ಕ್ವಾಲಿಸ್ ಹಾಗೆ ಹೊರಟಿತು. ಮೇಸ್ತ್ರಿಯೇ ಸ್ಟೇರಿಂಗ್ ಹಿಡಿದರು, ನಾನು ಹಿಂದಿನ ಸೀಟಿನಲ್ಲಿ.

ಅದೇ ಏರು. ಮೂರನೇ ಗೇರು. ಗಾಡಿ ಎಳೆದುಕೊಂಡು ಹೋಯಿತು. ಹಿಂದೆ ತಿರುಗಿ ನೋಡಿದರೆ ತೆಳ್ಳಗೆ ಕಪ್ಪು ಹೊಗೆ. ಹೊಗೆ ನೋಡಿ ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. 38 ಸಾವಿರದ ಪಂಪು, ನಾಸಲ್ಲು, ಎಂಜಿನ್ ಕೆಲಸ, ಎಲ್ಲ ಆ ಏರಿನಲ್ಲೇ ಬಿದ್ದುಹೋಯಿತು. ಪಂಪ್ ಸರಿ ಇದೆ, ನಾಸಲ್ ಸರಿ ಇದೆ, ಫಿಲ್ಟರ್ ಸರಿ ಇದೆ. ಕಾಯಿಲೆ ಇರುವುದು ಟ್ಯಾಂಕಿನಿಂದ ಫಿಲ್ಟರಿನ ನಡುವೆ.

ಇಷ್ಟಕ್ಕೇ ಮುಗಿದಿದ್ದರೆ ಐದು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ. ಇಲ್ಲಿ ಮೇಸ್ತ್ರಿಯೂ ಒಂದು ಸಲ ಎಡವಿದರು.

ಟ್ಯಾಂಕಿನಿಂದ ಬರುವ ಪೈಪಿನ ಮುಂದಿನ ತುದಿಗೆ ಕಂಪ್ರೆಸರ್‌ನಿಂದ ಗಾಳಿ ಹೊಡೆದರು. ಹಿಂದೆ ಟ್ಯಾಂಕಿನಲ್ಲಿ ಬುಳುಬುಳು ಸದ್ದು. "ಲೈನ್ ಕ್ಲಿಯರ್" ಅಂದ ಹುಡುಗ, ಮೊದಲಿನ ಗ್ಯಾರೇಜಿನವರು ಅಂದ ಹಾಗೇ. ಹಾಗಾದರೆ ಟ್ಯಾಂಕಿನೊಳಗಿನ ಜಾಲರಿ ಕಟ್ಟಿರಬೇಕು ಅಂತ ಟ್ಯಾಂಕ್ ಇಳಿಸಿದರು. ಡೀಸೆಲ್ ಖಾಲಿ ಮಾಡಿ, ಪಟ್ಟಿ ಬಿಚ್ಚಿ, ಇಳಿಸಿ, ಒಂದೂವರೆ ಗಂಟೆ. ಜಾಲರಿಯಲ್ಲಿ ಸ್ವಲ್ಪ ಕಪ್ಪು ರಾಡಿ ಇತ್ತು ಅಷ್ಟೇ, ದಾರಿ ಕಟ್ಟುವಷ್ಟಲ್ಲ. ಮೇಸ್ತ್ರಿ ಬೀಡಿ ಹಚ್ಚಲು ದೂರ ಹೋದರು. ಡೀಸೆಲ್ ಹತ್ತಿರ ಹಚ್ಚುವುದಿಲ್ಲ, ಅದನ್ನೂ ಗಮನಿಸಿದೆ.

ವಾಪಸ್ ಬಂದವರು ಟ್ಯಾಂಕಿನ ಕಡೆ ಹೋಗದೆ ಬಾನೆಟ್ಟಿನ ಹತ್ತಿರ ನಿಂತರು. ಡೀಸೆಲ್ ಫಿಲ್ಟರಿನ ತಲೆಯ ಮೇಲೆ ಒತ್ತುವ ಗುಂಡಿ ಒಂದಿರುತ್ತದೆ, ಫಿಲ್ಟರ್ ಬದಲಿಸಿದಾಗ ಡೀಸೆಲ್ ತುಂಬಿಸಿ ಗಾಳಿ ತೆಗೆಯಲು. ಹ್ಯಾಂಡ್ ಪ್ರೈಮರ್. ಟ್ಯಾಂಕು ನೆಲದ ಮೇಲಿತ್ತಲ್ಲ, ಅದಕ್ಕೆ ಸೇರುವ ಪೈಪಿನ ತುದಿಯನ್ನು ಕ್ಯಾನಿಗೆ ಇಳಿಸಿ, ಮುಂದೆ ಈ ಗುಂಡಿ ಒತ್ತಿದರು. ಕೆಳಗೆ ಹೋಯಿತು. ಮೇಲೆ ಬರಲಿಲ್ಲ. ನಾವು ಮೂವರೂ ಅದನ್ನೇ ನೋಡುತ್ತಾ ನಿಂತೆವು. ಗುಂಡಿ ಮೆಲ್ಲ, ಬಹಳ ಮೆಲ್ಲ, ಮುದುಕಿ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಬಂತು.

"ಥತ್, ಇದನ್ನೇ ಮೊದಲು ನೋಡ್ಬೇಕಿತ್ತು" ಅಂದರು. ಗುಂಡಿ ಮೇಲೆ ಬರುವಾಗ ಹಿಂದಿನಿಂದ ಡೀಸೆಲ್ ಎಳೆಯುತ್ತದೆ. ಹಿಂದೆ ದಾರಿ ಕಟ್ಟಿದ್ದರೆ ಅದು ಮೇಲೆ ಬರಲು ಒದ್ದಾಡುತ್ತದೆ.

ಆಮೇಲೆ ಲೆಕ್ಕ ಸುಲಭವಾಯಿತು. ಗಾಡಿಯ ಅಡಿಯಲ್ಲಿ ಉದ್ದಕ್ಕೆ ಕಬ್ಬಿಣದ ಪೈಪು. ಅದರ ಹಿಂದಿನ ತುದಿಗೂ ಟ್ಯಾಂಕಿಗೂ ನಡುವೆ ಒಂದಡಿ ರಬ್ಬರ್ ಪೈಪು. ಕ್ಯಾನನ್ನು ನೇರ ಕಬ್ಬಿಣದ ಪೈಪಿಗೆ ಸೇರಿಸಿ ಗುಂಡಿ ಒತ್ತಿದರೆ ಟಪ್ಪಂತ ಮೇಲೆ ಬಂತು. ರಬ್ಬರ್ ಪೈಪನ್ನು ನಡುವೆ ಹಾಕಿ ಒತ್ತಿದರೆ ಮತ್ತೆ ಮುದುಕಿ. ಇನ್ನು ಅನುಮಾನವೇ ಇಲ್ಲ.

ಮೇಸ್ತ್ರಿ ಆ ಪೈಪನ್ನು ನನ್ನ ಕೈಗೆ ಕೊಟ್ಟರು. ಹೊರಗೆ ಒಂದು ಬಿರುಕಿಲ್ಲ. ಹಿಂಡಿ ನೋಡಿದೆ, ಗಟ್ಟಿಯಾಗೇ ಇತ್ತು. ಒಂದು ತುದಿಯಿಂದ ನೋಡಿದರೆ ಆ ಕಡೆಯ ಬೆಳಕು ಅರ್ಧ ಕಾಣುತ್ತಿತ್ತು. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರು. ಒಳಗಿನ ಪದರ ಒಂದು ಕಡೆ ಎದ್ದು ನಾಲಿಗೆಯ ಹಾಗೆ ನಿಂತಿತ್ತು, ಹೆಬ್ಬೆರಳಿನ ಉಗುರಿನಷ್ಟು. ನಾಲಿಗೆಯ ತುದಿ ಟ್ಯಾಂಕಿನ ಕಡೆಗೆ. ಅವರು ಸೀಳಿದ ಪೈಪನ್ನು ಮತ್ತೆ ಮುಚ್ಚಿ ಹಿಡಿದು, ಎಂಜಿನ್ ಕಡೆಯ ತುದಿಗೆ ಬಾಯಿಟ್ಟು ಊದಿದರು. ಗಾಳಿ ಸಲೀಸಾಗಿ ಹೋಯಿತು. ಅದೇ ತುದಿಯಿಂದ ಎಳೆದರು. ಪಟ್ ಅಂತ ಸದ್ದಾಗಿ ನಿಂತುಹೋಯಿತು.

"ಊದಿದ್ರೆ ಹೋಗ್ತದೆ, ಎಳೆದ್ರೆ ನಿಲ್ತದೆ. ನೋಡಿದ್ರಾ?" ಅಂತ ಬಾಯಿ ಒರೆಸಿಕೊಂಡರು. ಗಾಳಿ ಹೊಡೆದವರಿಗೆಲ್ಲ ಲೈನ್ ಕ್ಲಿಯರ್ ಅನ್ನಿಸಿದ್ದು ಇದಕ್ಕೇ. ಗಾಳಿ ಹೊಡೆದಾಗ ನಾಲಿಗೆ ಗೋಡೆಗೆ ಅಂಟಿ ದಾರಿ ಬಿಡುತ್ತದೆ. ಎಂಜಿನ್ ಡೀಸೆಲ್ ಎಳೆದಾಗ ಅದೇ ನಾಲಿಗೆ ಎದ್ದು ಬಾಗಿಲು ಹಾಕುತ್ತದೆ. ಮೆಲ್ಲ ಓಡಿಸಿದರೆ ಸಂದಿಯಿಂದ ಬರುವಷ್ಟು ಸಾಕು. ಏರಿನಲ್ಲಿ ಜಾಸ್ತಿ ಎಳೆದಷ್ಟೂ ಬಾಗಿಲು ಬಿಗಿ. ಟ್ಯಾಂಕ್ ತುಂಬಿದ್ದಾಗ ಡೀಸೆಲ್ ಮಟ್ಟ ಮೇಲಿರುತ್ತದೆ, ಎಳೆಯುವ ಕಷ್ಟ ಸ್ವಲ್ಪ ಕಡಿಮೆ. ಗಾಡಿಯ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. "22 ವರ್ಷದ ರಬ್ಬರ್ ಅಮ್ಮ, ಇನ್ನೆಷ್ಟು ದಿನ ಬಾಳ್ತದೆ" ಅಂದರು ಮೇಸ್ತ್ರಿ. ಆ ಪೈಪು ಬದಲಿಸಿದ ನೆನಪು ನಮಗಂತೂ ಇಲ್ಲ.

ಹುಡುಗ ಪೇಟೆಗೆ ಹೋಗಿ ಡೀಸೆಲ್ ಪೈಪು ತಂದ. ಹೋಗುವಾಗ ಅವನಿಗೆ ಹೇಳಿದ ಮಾತು: "ನೀರಿನ ಪೈಪ್ ತರಬೇಡ, ಅಂಗಡಿಯವ ಕೊಟ್ರೂ ತರಬೇಡ." ಮಾಮೂಲಿ ರಬ್ಬರ್ ಡೀಸೆಲ್‌ಗೆ ಉಬ್ಬಿ ಮೆತ್ತಗಾಗುತ್ತದಂತೆ. ಹಿಂದಿನದು, ಮುಂದಿನದು, ವಾಪಸ್ ಹೋಗುವುದು, ಇದ್ದಷ್ಟು ರಬ್ಬರ್ ಪೈಪು, ಕ್ಲಿಪ್ಪು ಎಲ್ಲ ಹೊಸದು ಹಾಕಿದರು. ಜಾಲರಿ ತೊಳೆದು ಟ್ಯಾಂಕ್ ಮೇಲೇರಿಸಿ, ಸೋಸಿ ಡೀಸೆಲ್ ತುಂಬಿ, ಗುಂಡಿ ಒತ್ತಿ ಒತ್ತಿ ಗಾಳಿ ತೆಗೆದು ಸ್ಟಾರ್ಟ್ ಮಾಡುವಾಗ ಸಂಜೆ ಐದೂಕಾಲು.

ಬಿಲ್ಲು ಕ್ಯಾಲೆಂಡರ್ ಹಾಳೆಯ ಹಿಂದೆ. ಪೈಪು, ಕ್ಲಿಪ್ಪು 640. ಕೂಲಿ 800. ಒಟ್ಟು 1,440 ರೂಪಾಯಿ. ಟ್ಯಾಂಕ್ ಇಳಿಸಿದ್ದು? "ಅದು ನನ್ನ ತಪ್ಪು ಲೆಕ್ಕ, ಅದಕ್ಕೆ ನೀವ್ಯಾಕೆ ಕೊಡ್ಬೇಕು" ಅಂದರು. ನಾನು 1,500 ಕೊಟ್ಟೆ. ಚಿಲ್ಲರೆ ಹುಡುಗನಿಗೆ ಹೋಯಿತು.

ಇನ್ನು ದೂರುಗಳು. ಇವೂ ಕಡಿಮೆ ಇಲ್ಲ. ಫೋನ್ ಎತ್ತುವುದಿಲ್ಲ. ಇಷ್ಟು ಹೊತ್ತಿಗೆ ಬನ್ನಿ ಅಂತ ಹೇಳುವ ಪದ್ಧತಿ ಇಲ್ಲ, ಹೋಗಿ ಕಾಯಬೇಕು. ಹೆಂಗಸರಿಗೆ ಬಾತ್‌ರೂಮ್ ಇಲ್ಲ. ಇಡೀ ದಿನ ಕೂತವಳಿಗೆ ಇದು ಸಣ್ಣ ವಿಷಯ ಅಲ್ಲ. ಮಧ್ಯಾಹ್ನ ಎರಡು ಮನೆ ಆಚೆಯವರ ಬಾಗಿಲು ಬಡಿದು ಕೇಳಿಕೊಂಡು ಹೋಗಿಬಂದೆ, ಅವರು ಒಳ್ಳೆಯವರು, ಮಜ್ಜಿಗೆಯನ್ನೂ ಕೊಟ್ಟರು. ಜಿಎಸ್‌ಟಿ ಬಿಲ್ಲು ಬೇಕಾದವರು ಇಲ್ಲಿಗೆ ಬರಬೇಡಿ. ಹುಡುಗನ ತೊಡೆ ಮೇಲಿನ ಕ್ಯಾನು ತಿರುವಿನಲ್ಲಿ ತುಳುಕಿ ಮುಂದಿನ ಮ್ಯಾಟ್ ಪೂರ್ತಿ ಡೀಸೆಲ್. ನಾಲ್ಕು ದಿನ ಸೋಪಿನ ಪುಡಿ ಹಾಕಿ ತಿಕ್ಕಿದ್ದೇನೆ. ಅತ್ತೆ ಇನ್ನೂ ಮೂಗು ಮುಚ್ಚಿಕೊಂಡೇ ಹತ್ತುತ್ತಾರೆ. ಏರ್ ಫಿಲ್ಟರ್ ಡಬ್ಬಿಯ ಒಂದು ಕ್ಲಿಪ್ಪು ಹಾಕುವುದನ್ನೂ ಮರೆತಿದ್ದರು. ದಾರಿಯಲ್ಲಿ ಟಕಟಕ ಸದ್ದು ಬಂದು, ನಿಲ್ಲಿಸಿ ನಾನೇ ಒತ್ತಿ ಹಾಕಿದೆ.

ಇನ್ನೊಂದು. ಹೊಸ ಗಾಡಿ ತಗೊಂಡು ಹೋಗಬೇಡಿ. ಸೆನ್ಸರ್, ಟರ್ಬೊ ಇರುವ ಗಾಡಿ ಬಂದರೆ ಅವರೇ "ಇದು ನನ್ನದಲ್ಲ, ಸ್ಕ್ಯಾನರ್ ಇರುವಲ್ಲಿ ತೋರಿಸಿ" ಅಂತ ಕಳಿಸುತ್ತಾರೆ. ನನ್ನ ಮುಂದೆಯೇ ಒಬ್ಬರನ್ನು ಕಳಿಸಿದರು. ಬಂದವರಿಗೆ ಬೇಜಾರಾಯಿತು. ನನಗೆ ಇದು ಅವರ ಒಳ್ಳೆಯ ಗುಣ ಅನ್ನಿಸಿತು.

ಐದಕ್ಕೆ ನಾಲ್ಕು ಸ್ಟಾರ್. ಕಳೆದದ್ದು ಬಾತ್‌ರೂಮಿಗೆ. ಟ್ಯಾಂಕ್ ಇಳಿಸಿದ್ದಕ್ಕೆ ಕಳೆಯಲು ಮನಸ್ಸು ಬರಲಿಲ್ಲ.

ಹೋಗುವುದಾದರೆ ಎಂಟು ಗಂಟೆಗೆ ಮುಂಚೆ ಹೋಗಿ. ಇದು ಪಿಕಪ್ ಸಮಸ್ಯೆಯಾದರೆ ಟ್ಯಾಂಕ್ ಫುಲ್ ಮಾಡಿಸಿಕೊಂಡು ಹೋಗಬೇಡಿ, ಕಾಯಿಲೆ ಅಡಗಿ ಕೂರುತ್ತದೆ, ಇಳಿಸುವ ಕೆಲಸ ಬಂದರೆ ಅವರಿಗೂ ಕಷ್ಟ. ಯಾವಾಗ, ಎಲ್ಲಿ, ಯಾವ ಗೇರಿನಲ್ಲಿ, ಹೊಗೆ ಇದೆಯಾ ಇಲ್ಲವಾ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಓಡಿಸುವವರೇ ಹೋಗಿ. ಮನೆಯಿಂದ ತಿಂಡಿ ಕಟ್ಟಿಕೊಳ್ಳಿ.

ಹೋದ ಶನಿವಾರ ಅತ್ತೆಯ ಎರಡನೇ ಕಣ್ಣಿಗೆ ಮತ್ತೆ ಮಣಿಪಾಲ. ಈ ಸಲ ಎಂಟು ಜನ, ಮೇಲೆ ಒಂದು ಮೂಟೆ ಕುಚ್ಚಲಕ್ಕಿ. ಟ್ಯಾಂಕ್ ಬೇಕಂತಲೇ ಕಾಲು ಭಾಗಕ್ಕೆ ಇಳಿಸಿಕೊಂಡಿದ್ದೆ. ಸೋಮೇಶ್ವರದ ಚೆಕ್‌ಪೋಸ್ಟ್ ದಾಟಿ ಹತ್ತಿಸಿದೆ. ತಿರುವಿನಲ್ಲಿ ಮೊದಲನೇ ಗೇರು, ನೇರ ಸಿಕ್ಕಲ್ಲಿ ಎರಡು, ಎಂಟನೇ ತಿರುವು ದಾಟಿದ್ದು ಗೊತ್ತಾಗಲಿಲ್ಲ. ಒಂದು ಕಡೆ ಮೂರನೇ ಗೇರನ್ನೂ ತಡೆಯಿತು. ಹಿಂದೆ ಯಾವ ಬಸ್ಸೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.